ಕಪ್ಪು ಮೆರುಗಿನ ಬೀರು

ಲಂಡನ್, ಮಾರ್ಚ್ ೧೭೫೪

ಅಪ್ಪನಿಗೆ ಮಗಳು ಟ್ಯಾಬಿತಾ ಮಾಡುವ ವಂದನೆಗಳು.

ನನ್ನ ಯಜಮಾನರಾದ ಗಿಲ್ಬರ್ಟ್ ತೀರಿಕೊಂಡ ಮೇಲೆ ಅಂಗಡಿ ಮುಚ್ಚಿ ಊರಿಗೆ ಬಾ ಎಂದು ಬರೆದಿದ್ದೀರಿ. ಅವರು ಅರ್ಧಕ್ಕೆ ಬಿಟ್ಟುಹೋದ ಬೀರುವನ್ನು ನಾನೇ ಮುಗಿಸಿದೆ. ಅರಗಿನ ಕಪ್ಪು ಮೆರುಗಿನ ಮೇಲೆ ಚಿನ್ನದ ಬಣ್ಣದಲ್ಲಿ ಸೇತುವೆ, ಕೊಕ್ಕರೆ, ಕೊಡೆ ಹಿಡಿದ ಚೀನೀಯರನ್ನು ಬಿಡಿಸಿದೆ. ಅದನ್ನು ಮಾಡಿಸಿದ್ದ ಲೇಡಿ ಥ್ರೋಸ್ಬಿ, ಚೀನಾದ ಕ್ಯಾಂಟನ್‌ನಲ್ಲಿ ವರ್ಷಗಟ್ಟಲೆ ಇದ್ದುಬಂದ ತಮ್ಮ ಭಾವನನ್ನೂ ಕರೆದುಕೊಂಡು ನೋಡಲು ಬಂದರು. ಲೇಡಿ ಬೀರು ಬೇಡವೆಂದಿದ್ದರೆ ಅಂಗಡಿ ಅಂದೇ ಮುಚ್ಚುತ್ತಿತ್ತು.

"ಇಂಥಾ ಚೀನಾನ ನಾನೆಲ್ಲೂ ಕಂಡಿಲ್ಲಮ್ಮ," ಎಂದು ಆ ಭಾವ ನಕ್ಕರು.

"ನಾನೂ ಕಂಡಿಲ್ಲ ಸ್ವಾಮಿ. ಕಂಡಿದ್ರೆ ಇಷ್ಟು ಚೆನ್ನಾಗಿ ಬರೋದಾ?" ಎಂದೆ.

"ನಿಜವಾದ ಚೀನಾನ ನೀವೇ ಇಟ್ಕೊಳ್ಳಿ ಭಾವ, ನಂಗೆ ಇದೇ ಬೇಕು. ಇದಕ್ಕೆ ಜೋಡಿ ಇನ್ನೊಂದು ಮಾಡ್ಕೊಡಮ್ಮ," ಎಂದರು ಲೇಡಿ.

ಮರುದಿನ ಅಂಗಡಿಯ ಹಲಗೆಯ ಮೇಲೆ ಗಿಲ್ಬರ್ಟ್ ಹೆಸರಿನ ಪಕ್ಕದಲ್ಲಿ ನನ್ನ ಹೆಸರನ್ನೂ ಬರೆದೆ.

ಆದ್ದರಿಂದ ನಾನು ಬರುವುದಿಲ್ಲ. ತಂಗಿ ಪ್ರೂಡೆನ್ಸ್‌ಳನ್ನೇ ಇಲ್ಲಿಗೆ ಕಳಿಸಿಕೊಡಿ, ಗೆರೆ ಎಳೆಯಲು ಅವಳ ಕೈ ಒಳ್ಳೆಯದು. ಮೆರುಗು ಉಜ್ಜಲು ಅಮ್ಮನ ಹಳೆಯ ಮೆತ್ತನೆಯ ಬಟ್ಟೆಗಳಿದ್ದರೆ ತರಲಿ.

ನನ್ನ ಚಿಂತೆ ಬೇಡ. ಶೋಕದ ಕಪ್ಪು ಉಡುಪಿನಲ್ಲೇ ಕೆಲಸ ಮಾಡುತ್ತಿದ್ದೇನೆ. ಮೆರುಗಿನ ಕಲೆ ಅದರ ಮೇಲೆ ಕಾಣುವುದೇ ಇಲ್ಲ.

ನಿಮ್ಮ ಮಗಳು,
ಟ್ಯಾಬಿತಾ