ಒಂಟಿ ಗುಂಡು

ಬಿಟ್ಟಂಗಾಲ, ಕೊಡಗು
೧೪ನೇ ನವೆಂಬರ್ ೧೯೧೮

ಪ್ರೀತಿಯ ಮಗ ನಾಣಯ್ಯನಿಗೆ ನಿನ್ನ ಅವ್ವ ಮಾಡುವ ಆಶೀರ್ವಾದಗಳು.

ನೀನು ಹೇಗಿದ್ದೀಯ? ಮೊದಲು ಅದನ್ನು ಬರೆ, ಮಿಕ್ಕದ್ದು ಆಮೇಲೆ. ಪುಣೆಯ ದಂಡಿನಲ್ಲೂ ಈ ಜ್ವರ ಹೊಕ್ಕಿದೆ ಎಂದು ಅಂಚೆಯವನು ಹೇಳಿದ ದಿನದಿಂದ ನನ್ನ ಗಂಟಲಲ್ಲಿ ಅನ್ನ ಇಳಿಯುತ್ತಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಅನ್ನ ಇಳಿಯುತ್ತದೆ, ನಿದ್ರೆ ಮಾತ್ರ ಬರುವುದಿಲ್ಲ. ನನ್ನ ಮಗ ಲೆಕ್ಕ ಬರೆಯುವ ಗುಮಾಸ್ತ, ಗುಂಡಿಗೆ ಎದೆ ಕೊಡುವವನಲ್ಲ ಎಂದು ಇಷ್ಟು ವರ್ಷ ಧೈರ್ಯವಾಗಿದ್ದೆ. ಈಗ ಯುದ್ಧವೇ ನಿಂತಿತಂತೆ, ಆದರೆ ಈ ಜ್ವರಕ್ಕೆ ಗುಮಾಸ್ತನೂ ಒಂದೇ, ಸಿಪಾಯಿಯೂ ಒಂದೇ. ಕರಿಮೆಣಸು, ಶುಂಠಿ ಹಾಕಿ ಕಷಾಯ ಮಾಡಿ ಕುಡಿ. ಹತ್ತು ಜನರ ನಡುವೆ ಮಲಗಬೇಡ, ಹಾಸಿಗೆ ಎತ್ತಿಕೊಂಡು ಜಗುಲಿಗೆ ಬಾ. ಸಾಹೇಬರು ಬೈದರೆ ಊರಿನಿಂದ ಅವ್ವ ಬರೆದಿದ್ದಾಳೆ ಎನ್ನು. ನಿನ್ನ ಅಜ್ಜ ನನ್ನನ್ನು ವೀರರಾಜಪೇಟೆ ಶಾಲೆಗೆ ಕಳಿಸಿ ಅಕ್ಷರ ಕಲಿಸಿದ್ದು ಇಂಥ ಮಾತು ಬರೆಯುವುದಕ್ಕೇ ಎಂದು ಕಾಣುತ್ತದೆ. ಇನ್ನೊಂದು ಮಾತು. ನೀನು ಕಾಗದ ಒಡೆದ ಕೂಡಲೇ ಹೆಂಡತಿ ಬೊಳ್ಳಮ್ಮನ ಸುದ್ದಿ ಹುಡುಕುತ್ತ ಕೊನೆಯ ಪುಟಕ್ಕೆ ಹಾರುವವನು. ಹಾರಬೇಡ. ನಾನು ಅನುಭವಿಸಿದ ಕ್ರಮದಲ್ಲೇ ನೀನೂ ಸ್ವಲ್ಪ ಅನುಭವಿಸು.

ತಕ್ಕ ಸೋಮಯ್ಯ ನಿನಗೆ ಕಾಗದ ಹಾಕಿದ್ದಾನೆ ಎಂದು ಕೇಳಿದೆ. ನಿನ್ನ ಅವ್ವ ಊರ ಕಟ್ಟಳೆ ಮುರಿದಳು, ನೀನಾದರೂ ಬುದ್ಧಿ ಹೇಳು ಎಂದು ಅದರಲ್ಲಿ ಇರುತ್ತದೆ. ಅವನು ಸುಳ್ಳು ಬರೆಯುವ ಮನುಷ್ಯನಲ್ಲ. ಮುರಿದದ್ದು ನಿಜ. ಊರಿನ ಕಟ್ಟಳೆ ಕಾಯುವ ಕೆಲಸ ತಕ್ಕನದು, ಅವನು ತನ್ನ ಕೆಲಸ ಮಾಡಿದ್ದಾನೆ. ನನ್ನ ಕೆಲಸ ನಾನು ಮಾಡಿದ್ದೇನೆ. ನೀನು ಬುದ್ಧಿ ಹೇಳುವ ಮೊದಲು ನನ್ನ ಕಡೆಯದನ್ನೂ ಓದು.

ಕೋವಿಯ ಲೆಕ್ಕ ನಿನಗೆ ಹೊಸದಲ್ಲ. ಮನೆಯಲ್ಲಿ ಗಂಡು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಜೋಡಿ ಗುಂಡು ಕೇಳಿದರೆ ಕೈಯಲ್ಲಿದ್ದ ಕೆಲಸ ಅಲ್ಲಿಗೇ ಬಿಟ್ಟು ಮನೆಗೊಬ್ಬರಂತೆ ಊರಿಗೆ ಊರೇ ಆ ಮನೆಯ ಅಂಗಳದಲ್ಲಿ ಸೇರಬೇಕು, ಹೆಣದ ಕಾಲು ಮುಟ್ಟಬೇಕು, ಹೆಂಗಸರು ಸುತ್ತ ಕುಳಿತು ಅಳಬೇಕು. ಹಗೆಯವನ ಮನೆಯಾದರೂ ಹೋಗಬೇಕು. ಒಳ್ಳೆಯ ಕಟ್ಟಳೆ. ನಿನ್ನ ಅಪ್ಪಯ್ಯ ಹೋದ ದಿನ ಆ ಎರಡು ಗುಂಡು ಇಲ್ಲದಿದ್ದರೆ ನಾನು ಒಬ್ಬಳೇ ಹುಚ್ಚಿಯಾಗುತ್ತಿದ್ದೆ. ಆದರೆ ತುಲಾ ಸಂಕ್ರಮಣ ಕಳೆದ ಮೇಲೆ ಈ ಹೊಸ ಜ್ವರ ಬಂತು ನೋಡು. ಔಷಧಿ ಶಾಲೆಯವರು ಅದಕ್ಕೆ ಇನ್‌ಫ್ಲುಯೆಂಜಾ ಎನ್ನುತ್ತಾರಂತೆ, ಹೆಸರು ಹೇಳಿ ಮುಗಿಸುವಷ್ಟರಲ್ಲಿ ರೋಗಿಯ ಉಸಿರು ಹೋಗಿರುತ್ತದೆ. ಒಂದು ಮನೆಯಲ್ಲಿ ಜೋಡಿ ಗುಂಡು ಕೇಳುತ್ತದೆ, ಜನ ಹೋಗಿ ಕಾಲು ಮುಟ್ಟಿ ಬರುತ್ತಾರೆ, ವಾರ ತುಂಬುವ ಮೊದಲೇ ಹಾಗೆ ಹೋಗಿ ಬಂದವರ ಮನೆಯಿಂದ ಮತ್ತೆ ಜೋಡಿ ಗುಂಡು. ಇದು ಕಾಣದಿರಲು ಕಣ್ಣಿಗೆ ಬಟ್ಟೆ ಕಟ್ಟಿಕೊಂಡಿರಬೇಕು. ಅಷ್ಟರಲ್ಲಿ ಗದ್ದೆಯಾಚೆಯ ಚೆನ್ನಯ್ಯನ ಸೊಸೆ, ನಮ್ಮ ಬೊಳ್ಳಮ್ಮನ ಹಾಗೆಯೇ ದಿನ ತುಂಬಿದ ಬಸುರಿ, ಹೊಟ್ಟೆಯಲ್ಲಿ ಮಗುವನ್ನು ಇಟ್ಟುಕೊಂಡೇ ಹೋದಳು. ಈ ಜ್ವರ ಬಸುರಿಯರನ್ನು ಬಿಡುವುದಿಲ್ಲ ಎಂದು ಅಂದು ಗೊತ್ತಾಯಿತು. ನಾನು ಎದ್ದು ಹೋಗಿ ನಮ್ಮ ಓಣಿಯ ಬಾಯಿಗೆ ಅಡ್ಡ ಬಿದಿರು ಕಟ್ಟಿದೆ. ಬೊಳ್ಳಮ್ಮನ ಹೆರಿಗೆ ಆಗುವ ತನಕ ಹೊರಗಿನವರು ಒಳಗಿಲ್ಲ, ಒಳಗಿನವರು ಹೊರಗಿಲ್ಲ, ಯಾರ ಮನೆಯಲ್ಲಿ ಎಷ್ಟು ಗುಂಡು ಕೇಳಿದರೂ ಇಲ್ಲ.

ಹೇಳುವುದು ಸುಲಭ. ಮರುದಿನವೇ ಬೊಳ್ಳಮ್ಮನ ಅಪ್ಪಯ್ಯ ನಾಪೋಕ್ಲಿನಿಂದ ಗಾಡಿ ಕಟ್ಟಿಸಿಕೊಂಡು ಬಂದರು, ಚೊಚ್ಚಲು ಹೆರಿಗೆ ತವರಿನಲ್ಲೇ ಆಗಬೇಕೆಂದು. ಅದೂ ಕಟ್ಟಳೆಯೇ. ಅವರ ಗಾಡಿ ಹೊಡೆಯುವವನು ಕೆಮ್ಮುತ್ತಿದ್ದ. ಬಿದಿರಿನ ಈಚೆ ನಿಂತು ಕೈಮುಗಿದು, ಹೊಟ್ಟೆಗೆ ಹಾಕಿಕೊಳ್ಳಿ, ಕಳಿಸುವುದಿಲ್ಲ ಎಂದೆ. ಬೀಗರಿಗೆ ಒಂದು ಲೋಟ ನೀರೂ ಕೊಡದೆ ಹಿಂದಕ್ಕೆ ಕಳಿಸಿದ ಮನೆ ಎಂಬ ಹೆಸರು ಬಂತು. ಬೊಳ್ಳಮ್ಮ ಒಳಗಿನಿಂದ ಕೇಳಿಸಿಕೊಂಡು ಅತ್ತಳು, ಎರಡು ದಿನ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ನಿನ್ನ ಹೆಂಡತಿ ಮುನಿಸಿಕೊಂಡರೆ ಮಜ್ಜಿಗೆಗೂ ಉಪ್ಪು ಹಾಕುವುದಿಲ್ಲ, ನಿನಗೆ ಗೊತ್ತಲ್ಲ. ಹಾಕುವುದಕ್ಕೆ ಉಪ್ಪೂ ಇರಲಿಲ್ಲ ಅನ್ನು. ಸಂತೆಗೆ ಹೋಗುವವರಿಲ್ಲ. ಆಮೇಲೆ ಅಂಗಡಿಯವನು ಓಣಿಯ ಹೊರಗಿನ ಕಲ್ಲಿನ ಮೇಲೆ ಉಪ್ಪು, ಸೀಮೆಣ್ಣೆ ಇಟ್ಟು ಕೂಗಿ ಹೋಗುವುದಕ್ಕೆ ಒಪ್ಪಿದ. ಯಾರೋ ಪುಣ್ಯಾತ್ಮರು ತಲಕಾವೇರಿಯ ತೀರ್ಥವನ್ನೂ ಅದೇ ಕಲ್ಲಿನ ಮೇಲೆ ಇಟ್ಟು ಹೋದರು. ಎಷ್ಟು ಕೈ ದಾಟಿ ಬಂದ ನೀರೋ. ಬೊಳ್ಳಮ್ಮನಿಗೆ ಕುಡಿಸಲಿಲ್ಲ, ತೆಂಗಿನ ಬುಡಕ್ಕೆ ಹೊಯ್ದು ನಮಸ್ಕಾರ ಮಾಡಿದೆ. ಕಾವೇರಮ್ಮನೂ ಹೆಂಗಸು, ಬಸುರಿಯ ಮನೆಯ ಭಯ ಅವಳಿಗೆ ಅರ್ಥವಾಗುತ್ತದೆ. ಸೂಲಗಿತ್ತಿ ಮುತ್ತಿ ಎಸ್ಟೇಟಿನ ಕೂಲಿಯವರ ಲೈನುಮನೆಗಳಿಗೂ ಹೋಗಿ ಬರುವವಳು, ಅಲ್ಲಿ ಜ್ವರ ಇನ್ನೂ ಜೋರು. ಅವಳನ್ನು ಕರೆಸಿ, ಇದ್ದರೆ ಇಲ್ಲೇ ಇರು, ಹೋದರೆ ಮತ್ತೆ ಬರಬೇಡ ಎಂದೆ. ಅವಳು ಒಂದು ಗಳಿಗೆ ಯೋಚಿಸಿ ಚಾಪೆ ತಂದಳು. ಕೆಲವು ದಿನ ಹೊರಗಿನ ಕೊಟ್ಟಿಗೆಯಲ್ಲಿ ಮಲಗಿದಳು. ಕೆಮ್ಮು, ಮೈಬಿಸಿ ಏನೂ ಕಾಣದಿದ್ದಾಗ ಒಳಗೆ ನಮ್ಮ ಪಕ್ಕದಲ್ಲೇ ಮಲಗಿಸಿದೆ. ಅವಳ ಜಾತಿ ಯಾವುದು, ಅವಳು ಎಲ್ಲಿ ಮಲಗಬೇಕು ಎಂದು ಸೋಮಯ್ಯನ ಕಾಗದದಲ್ಲಿ ಇದ್ದರೆ ಆ ಸಾಲನ್ನು ಓದದೆ ಬಿಡು.

ಈಗ ಬರೆಯಬೇಕಾದದ್ದನ್ನು ಬರೆಯಲು ಕೈ ಬರುತ್ತಿಲ್ಲ. ನಿನ್ನ ಕುಟ್ಟಪ್ಪ ಮಾವ ಹೋದ. ನನ್ನ ಒಬ್ಬನೇ ತಮ್ಮ. ಜ್ವರ ಬಂದದ್ದೂ ನಮಗೆ ತಿಳಿದಿರಲಿಲ್ಲ. ಬೆಳಿಗ್ಗೆ ಹಸು ಕರೆಯುತ್ತಿದ್ದೆ, ಗದ್ದೆಯಾಚೆ ನನ್ನ ತವರಿನ ಕಡೆಯಿಂದ ಗುಂಡು ಕೇಳಿತು, ಹಿಂದೆಯೇ ಇನ್ನೊಂದು. ನನ್ನ ಅಪ್ಪಯ್ಯನ ಜೋಡುನಳಿಗೆ ಕೋವಿಯ ಸದ್ದು ನನಗೆ ಗುರುತು ಹತ್ತದೆ ಇರುತ್ತದೆಯೇ? ಆ ಮನೆಯವರಲ್ಲಿ ಎರಡು ದಿನದಿಂದ ಗದ್ದೆಯ ಕಡೆ ಕಾಣದವನು ಅವನೊಬ್ಬನೇ. ತಂಬಿಗೆ ಬಿಟ್ಟು ಓಣಿಯವರೆಗೂ ಓಡಿದೆ, ಬಿದಿರಿನ ಕಟ್ಟನ್ನು ಅರ್ಧ ಬಿಚ್ಚಿದೆ. ಹಿಂದೆ ತಿರುಗಿ ನೋಡಿದರೆ ಬೊಳ್ಳಮ್ಮ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಜಗುಲಿಯಲ್ಲಿ ನಿಂತಿದ್ದಾಳೆ. ಬಿಚ್ಚಿದ ಕಟ್ಟನ್ನು ಮತ್ತೆ ಬಿಗಿದೆ. ಗದ್ದೆಯ ಬದುವಿನ ಮೇಲೆ ಬಿಳಿ ಬಟ್ಟೆ ಉಟ್ಟವರು ಸಾಲಾಗಿ ಹೋಗುವುದು ನಮ್ಮ ಅಂಗಳದಿಂದ ಕಾಣುತ್ತಿತ್ತು. ನಾನು ಅಲ್ಲೇ ನಿಂತು, ಅವನ ಹೆಸರು ಹಿಡಿದು, ಆ ಮನೆಗೆ ಕೇಳುವ ಹಾಗೆ ಅತ್ತೆ. ಅವನ ಬಾಯಿಗೆ ಒಂದು ಹನಿ ನೀರು ಬಿಡಲಿಲ್ಲ, ಕಾಲು ಮುಟ್ಟಲಿಲ್ಲ. ಚಿಕ್ಕಂದಿನಲ್ಲಿ ಅವನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು ನಾನು. ಸಂಕಟ ಸಾಯುವ ತನಕ ಇರುತ್ತದೆ, ಇರಲಿ. ಆದರೆ ತಪ್ಪು ಮಾಡಿದೆ ಎಂದು ನನ್ನ ಬಾಯಿಂದ ಯಾರೂ ಹೇಳಿಸಲಾರರು.

ಹೇಳಿಸುವುದಕ್ಕೆಂದೇ ಸೋಮಯ್ಯ ಬಂದ. ಬಿದಿರಿನ ಆಚೆ ಕೋಲು ಊರಿ ನಿಂತ. ಪಾಪ, ಅವನೂ ಸೊರಗಿದ್ದಾನೆ, ಊರಿನ ಒಂದು ಹೆಣವನ್ನೂ ಬಿಡದೆ ಹೆಗಲು ಕೊಟ್ಟವನು, ಹೆಗಲ ಮೇಲಿನ ಬಟ್ಟೆ ಹರಿದಿತ್ತು. ಜೊತೆಗೆ ಒಂದಷ್ಟು ಗಂಡಸರು. ಒಡಹುಟ್ಟಿದವನ ಸಾವಿಗೂ ಬಾರದ ಹೆಂಗಸು ಈ ಊರಿನಲ್ಲಿ ಹಿಂದೆ ಇರಲಿಲ್ಲ, ಮುಂದೆ ಇರಬಾರದು ಎಂದು ಅವನ ಮಾತು. ಮಂದಿನ ಬಯಲಿನಲ್ಲಿ ಊರು ಸೇರಿದಾಗ ಹಿರಿಯರ ಕಾಲು ಹಿಡಿದು ತಪ್ಪು ಒಪ್ಪಿಕೊಳ್ಳಬೇಕು, ಇಲ್ಲದಿದ್ದರೆ ಪುತ್ತರಿ ಹಬ್ಬಕ್ಕೆ ಹೊಸ ಕದಿರು ತೆಗೆಯುವಾಗ ನಮ್ಮ ಮನೆಯವರು ಊರಿನ ಜೊತೆಗಿಲ್ಲ ಎಂದ. ಕೊನೆಗೆ ಅವನು, “ಚೋಂದಕ್ಕ, ನೀವು ಯಾರ ಮನೆಗೂ ಬರುದಿಲ್ಲ. ನಾಳೆ ನಿಮ್ಮ ಮನೆಯಲ್ಲಿ ಎರಡು ಗುಂಡು ಹೊಡೆದ್ರೆ ಯಾರು ಬರುದು?” ಎಂದು ಕೇಳಿದ. ಅಲ್ಲಿಯ ತನಕ ತಡೆದುಕೊಂಡಿದ್ದೆ. “ಯಾರೂ ಬರುದು ಬೇಡ ಸೋಮಯ್ಯ. ಹೊಡೆಯುವ ಹಾಗೆ ಆಗದಿರಲಿ ಅಂತಲೇ ಈ ಬಿದಿರು ಕಟ್ಟಿದ್ದು” ಎಂದೆ. ಅವನು ಕೋಲು ಎತ್ತಿಕೊಂಡು ಹೊರಟ. ನಿನಗೆ ಕಾಗದ ಬರೆದದ್ದು ಅದೇ ದಿನ ಇರಬೇಕು.

ಅವರು ಹೋದ ಎರಡನೆಯ ದಿನ ಬೊಳ್ಳಮ್ಮನ ಮೈ ಬಿಸಿಯಾಯಿತು. ನಾನು ಏನನ್ನೂ ಮುಚ್ಚಿಡುವುದಿಲ್ಲ, ಅಂದು ನನ್ನ ಜಂಬವೆಲ್ಲ ಇಳಿದುಹೋಯಿತು. ಇಷ್ಟೆಲ್ಲ ಮಾಡಿ, ತಮ್ಮನ ಮುಖವನ್ನೂ ನೋಡದೆ ಉಳಿದು, ಜ್ವರ ಬಿದಿರು ದಾಟಿ ಬಂದೇ ಬಿಟ್ಟಿತೇ ಎಂದು ಒಲೆಯ ಮುಂದೆ ಕುಳಿತುಬಿಟ್ಟೆ. ಮುತ್ತಿ ಅವಳ ಕೆನ್ನೆ, ಹೊಟ್ಟೆ ಮುಟ್ಟಿ ನೋಡಿ, ಕೆಮ್ಮಿಲ್ಲ, ಇದು ನೋವಿನ ಬಿಸಿಯೇ ಇರಬೇಕು ಎಂದಳು. ನಂಬಿದೆ ಎಂದು ಹೇಳಲಾರೆ. ಮರುದಿನ ಬೆಳಿಗ್ಗೆ ನೋವು ಶುರುವಾಯಿತು, ಮಧ್ಯಾಹ್ನ ದಾಟಿದರೂ ಮಗು ಕೆಳಗೆ ಇಳಿಯಲಿಲ್ಲ. ಅದರ ನಡುವೆ ಬೆಟ್ಟದ ಕಡೆ ಗುಂಡು ಕೇಳಿತು. ಬೊಳ್ಳಮ್ಮ ನೋವನ್ನೂ ಮರೆತು ಉಸಿರು ಕಟ್ಟಿ ಕಾದಳು. ಈಗ ಊರಿನಲ್ಲಿ ಎಲ್ಲರೂ ಹಾಗೆಯೇ, ಒಂದು ಗುಂಡು ಕೇಳಿದರೆ ಇದ್ದಲ್ಲೇ ನಿಂತು ಎರಡನೆಯದಕ್ಕೆ ಕಾಯುತ್ತಾರೆ. ಎರಡನೆಯದೂ ಬಂತು. ಅವಳು ನನ್ನ ಕೈ ಹಿಡಿದು, “ಅವ್ವ, ನನಗೂ ಎರಡೇ ಹೊಡಿತಾರಾ?” ಎಂದಳು. ಮಗನೇ, ಅವಳು ಅಲ್ಲಿಯ ತನಕ ನನ್ನನ್ನು ಅವ್ವ ಎಂದು ಕರೆದವಳಲ್ಲ. ಇನ್ನು ಹೊರಗಿನ ಸದ್ದು ಕೇಳಬಾರದೆಂದು ಕಿಟಕಿ ಮುಚ್ಚಿ, ನನಗೆ ಬರುವ ಬೈಗುಳವನ್ನೆಲ್ಲ ಜ್ವರಕ್ಕೆ ಬೈದೆ. ಅದಕ್ಕೆ, ಅದರ ಅಪ್ಪನಿಗೆ, ಅದು ಏರಿ ಬಂದ ಹಡಗಿಗೆ, ಯಾರನ್ನೂ ಬಿಡಲಿಲ್ಲ. ನೋವಿನ ನಡುವೆಯೂ ಅವಳಿಗೆ ನಗು ಬಂತು. ಆ ನಗುವಿಗೋ ಮುತ್ತಿಯ ಕೈಗುಣಕ್ಕೋ, ಸೂರ್ಯ ಇಳಿಯುವ ಮೊದಲು ಮಗು ಬಂತು. ಮೊದಲು ಅಳಲಿಲ್ಲ. ಮುತ್ತಿ ಕಾಲು ಹಿಡಿದು ಬೆನ್ನಿಗೆ ತಟ್ಟಿದಳು, ಆಮೇಲೆ ಅತ್ತದ್ದು ನಿನ್ನ ಪುಣೆಗೂ ಕೇಳಿಸಿರಬೇಕು. ಬೊಳ್ಳಮ್ಮನ ಮೈ ಮರುದಿನ ತಣ್ಣಗಾಯಿತು. ಅವಳು ಗಂಜಿ ಬೇಡ, ಪಂದಿಕರಿ ಬೇಕು ಎಂದು ಹಟ ಮಾಡುತ್ತಿದ್ದಾಳೆ. ಅಂದರೆ ಚೆನ್ನಾಗಿದ್ದಾಳೆ.

ಮಗು ಹುಟ್ಟಿದ ಸಂಜೆಯೇ ನಿನ್ನ ಅಪ್ಪಯ್ಯನ ಕೋವಿಯನ್ನು ಗೋಡೆಯಿಂದ ಇಳಿಸಿದವಳು ನಾನೇ. ಮದ್ದು ತುಂಬಿ, ಅಂಗಳದ ನಡುವೆ ನಿಂತು ಆಕಾಶಕ್ಕೆ ಒಂದು ಹಾರಿಸಿದೆ. ಹಿಂದೊದೆತಕ್ಕೆ ಭುಜ ಇನ್ನೂ ನೋಯುತ್ತಿದೆ. ಊರು ಸ್ತಬ್ಧವಾಯಿತು. ಗದ್ದೆಯಲ್ಲಿ ಹಕ್ಕಿ ಓಡಿಸುತ್ತಿದ್ದವರು ನಿಂತಲ್ಲೇ ನಿಂತರು, ಎಲ್ಲರೂ ಎರಡನೆಯದಕ್ಕೆ ಕಾದರು. ನಾನೂ ಕೋವಿ ಹಿಡಿದು ಅವರು ಕಾಯುವುದನ್ನು ನೋಡಿದೆ. ಎರಡನೆಯದು ಬರಲಿಲ್ಲ. ಆಗ ಗದ್ದೆಯಾಚೆಯಿಂದ ಯಾರೋ ಒಬ್ಬ ಕೂ ಎಂದು ಕೂಗಿದ, ಅದಕ್ಕೆ ಇನ್ನೊಬ್ಬ, ಆಮೇಲೆ ನಾಲ್ಕೂ ದಿಕ್ಕಿನಿಂದ ಕೂಗು. ನನ್ನ ತಮ್ಮನ ಮನೆಯಿಂದಲೂ ಕೂಗಿದರು. ಆಗ ನನಗೆ ಮತ್ತೆ ಅಳು ಬಂತು. ಸೋಮಯ್ಯ ಓಡಿ ಬಂದು ಬಿದಿರಿನ ಆಚೆಯೇ ನಿಂತ, ದಾಟಲು ನೋಡಲಿಲ್ಲ. ತಾಯಿ ಮಗು ಚೆನ್ನಾಗಿದ್ದಾರಾ ಎಂದು ಕೇಳಿದ, ಚೆನ್ನಾಗಿದ್ದಾರೆ ಎಂದೆ. ಇಷ್ಟು ದಿನದ ಮೇಲೆ ಊರಿನಲ್ಲಿ ಒಂಟಿ ಗುಂಡು ಕೇಳಿತು ಎಂದು ಕಣ್ಣು ಒರೆಸಿಕೊಂಡ. ಮಂದಿನಲ್ಲಿ ತಪ್ಪು ಒಪ್ಪಿಕೊಳ್ಳುವ ಮಾತನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ನಾನೂ ಕೇಳಲಿಲ್ಲ.

ರಜೆ ಸಿಕ್ಕಿತೆಂದು ಈಗಲೇ ಓಡಿ ಬರಬೇಡ. ರೈಲಿನ ತುಂಬ ಜ್ವರ ಎಂದು ಕೇಳುತ್ತೇನೆ. ಬಂದರೂ ನೀನು ಮೊದಲು ಕಣದ ಗುಡಿಸಲಿನಲ್ಲಿ ಮಲಗಬೇಕು, ಮಗುವನ್ನು ದೂರದಿಂದ ತೋರಿಸುತ್ತೇನೆ. ಹೆತ್ತ ಮಗನೆಂದು ನಿನಗೊಂದು ಕಟ್ಟಳೆ, ಬೀಗರಿಗೊಂದು ಕಟ್ಟಳೆ ಮಾಡಲಾರೆ. ಸೋಮಯ್ಯನಿಗೆ ಉತ್ತರ ಬರೆಯುವುದಾದರೆ ಮರ್ಯಾದೆಯಿಂದ ಬರೆ, ಒಳ್ಳೆಯವನು. ಆದರೆ ನನ್ನ ಪರವಾಗಿ ಕ್ಷಮೆ ಕೇಳಿದೆಯೋ, ನೋಡು. ಇಗ್ಗುತ್ತಪ್ಪ ನಿನ್ನ ತಲೆ ಕಾಯಲಿ. ಬೊಳ್ಳಮ್ಮ ನಮಸ್ಕಾರ ತಿಳಿಸಿದ್ದಾಳೆ. ಮುತ್ತಿಯೂ ಬರೆಯಿರಿ ಎಂದು ಪಕ್ಕದಲ್ಲೇ ಕುಳಿತಿದ್ದಾಳೆ, ಬರೆದಿದ್ದೇನೆ.

ಇಂತು ನಿನ್ನ ಅವ್ವ,
ಚೋಂದಮ್ಮ

ತಾ.ಕ.: ಅಂಚೆಯವನು ಕಲ್ಲಿನ ಹತ್ತಿರ ಕೂಗುತ್ತಿದ್ದಾನೆ, ಬೇಗ ಬರೆಯುತ್ತೇನೆ. ಹುಟ್ಟಿದ್ದು ಹೆಣ್ಣು. ಮುತ್ತಿ ಅದನ್ನು ಹೇಳಿದಾಗ ಬೊಳ್ಳಮ್ಮ ಗೋಡೆಯ ಕಡೆಗೆ ಮುಖ ತಿರುಗಿಸಿ ಮಲಗಿದಳು. ಸಾವನ್ನು ಗೆದ್ದು ಬಂದವಳು ಹಾಗೆ ಮಲಗುವುದು ನೋಡಲಾರದೆ ನಾನು ಕೋವಿಗೆ ಕೈ ಹಾಕಿದ್ದು. ಒಂಟಿ ಗುಂಡು ಕೇಳಿ ಊರು ಗಂಡೆಂದೇ ತಿಳಿದಿದೆ. ಗೊತ್ತಾದ ಮೇಲೆ ಸೋಮಯ್ಯ ನನ್ನ ಮೇಲೆ ಎರಡು ತಪ್ಪು ಹೊರಿಸುತ್ತಾನೆ, ಹೊರಿಸಲಿ, ಮಗುವನ್ನು ಎತ್ತಿಕೊಂಡೇ ಮಂದಿನ ಬಯಲಿಗೆ ಹೋಗುತ್ತೇನೆ. ನೀನು ಬೇಸರಪಡುವುದಿದ್ದರೆ ಪುಣೆಯಲ್ಲೇ ಪಟ್ಟು ಮುಗಿಸಿ ಬಾ.