ಹಂದಿ ಪಕ್ಕೆಗೆ ಸವರಿದ ಬೆಲ್ಲ

ಗಡಹಿಂಗ್ಲಜ,
ಗುರುವಾರ, ೨೭ ನವೆಂಬರ್ ೨೦೨೫

ಪ್ರೀತಿಯ ಅವ್ವನಿಗೆ ಋತುಜಾಳ ಜಯ ಜಿನೇಂದ್ರ.

ಫೋನಿನಲ್ಲಿ ಹೇಳಬಹುದಿತ್ತು. ಆದರೆ ನಿನ್ನ ಫೋನು ಸದಾ ಸ್ಪೀಕರಿನ ಮೇಲೆ, ಪಕ್ಕದಲ್ಲಿ ನಿನ್ನ ಸೊಸೆ ಸರಿತಾ ವೈನಿಯ ಕಿವಿ. ಮರಾಠಿ ಶಾಲೆಗೆ ಹೋದ ನನಗೆ ಕನ್ನಡ ಅಕ್ಷರ ತಿದ್ದಿಸಿದವಳು ನೀನೇ. ತಪ್ಪಿದ್ದರೆ ಬೈದುಕೋ, ಕೊನೆಯವರೆಗೂ ಓದು.

ಕಳೆದ ಭಾನುವಾರ ನೀನು ಹೇಳದೆ ಕೇಳದೆ ಬಂದು ಬಾಗಿಲಲ್ಲಿ ನಿಂತಾಗ ಹಿತ್ತಲಲ್ಲಿ ಹೊಗೆ ಏಳುತ್ತಿತ್ತು. ನೀರು ಕಾಯಿಸುತ್ತಿದ್ದೇವೆ ಎಂದೆ. ಸುಳ್ಳು. ಲಾರೆನ್ಸನ ಹುಟ್ಟುಹಬ್ಬಕ್ಕೆ ಹಂದಿಯ ಪಕ್ಕೆಲುಬಿಗೆ ಹೊಗೆ ಕೊಡುತ್ತಿದ್ದೆವು. ನಿನ್ನ ಅಳಿಯ ಆಜರಾದ ಕ್ರಿಶ್ಚಿಯನ್ನರ ಹುಡುಗ. ಅವರ ಮನೆಯಲ್ಲಿ ಹಬ್ಬವೆಂದರೆ ಇದೇ. ನಾನು ಇವತ್ತಿಗೂ ಬಾಯಿಗೆ ಹಾಕಿಲ್ಲ. ಆದರೆ ಮಾಡುವುದನ್ನು ಕಲಿತಿದ್ದೇನೆ, ಮುಚ್ಚಿಡುವುದೇಕೆ, ಅವನಿಗಿಂತ ಚೆನ್ನಾಗಿಯೇ ಮಾಡುತ್ತೇನೆ. ಹಳೆಯ ಡ್ರಮ್ಮಿನಲ್ಲಿ ಪೇರಲ ಕಟ್ಟಿಗೆಯ ಕೆಂಡ, ಮೇಲೆ ಜಾಳಿಗೆ, ಐದಾರು ತಾಸು ಸಣ್ಣ ಹೊಗೆ. ಉರಿ ಎದ್ದರೆ ಮಾಂಸ ಚಪ್ಪಲಿಯಂತೆ ಬಿರುಸಾಗುತ್ತದೆ. ಎಲುಬು ಹಿಡಿದು ಅಲುಗಿಸಿದರೆ ಸಡಿಲವಾಗಿ ಬರಬೇಕು. ಅಲ್ಲಿಯವರೆಗೆ ತಾಸಿಗೊಮ್ಮೆ ಬೆಲ್ಲ, ಹುಣಸೆ, ಖಾರದ ಪಾಕ ಸವರುತ್ತಿರಬೇಕು.

ಆ ಪಾಕದ ಬಟ್ಟಲೇ ಅಡುಗೆ ಕಟ್ಟೆಯ ಮೇಲಿತ್ತು. ಮಾಂಸಕ್ಕೆ ಸವರಿದ ಬ್ರಶ್ಶನ್ನು ಮತ್ತೆ ಮತ್ತೆ ಅದರಲ್ಲೇ ಅದ್ದಿದ್ದೆ.

ನೀನು ಎಂದಿನಂತೆ ನಿನ್ನದೇ ರೊಟ್ಟಿ, ನಿನ್ನದೇ ಸೋಸಿದ ನೀರು ಕಟ್ಟಿಕೊಂಡು ಬಂದಿದ್ದೆ. ಹೊತ್ತು ಮುಳುಗುವ ಮೊದಲು ಉಣ್ಣುವ ಅವಸರ. ಚಟ್ನಿಯ ಡಬ್ಬಿ ಮಾತ್ರ ಊರಲ್ಲಿ, ಉದಗಾಂವದ ಮನೆಯಲ್ಲೇ ಉಳಿದಿತ್ತು. ನೀನು ಬಂದ ಸುದ್ದಿಯನ್ನು ಲಾರೆನ್ಸನಿಗೆ ಹೇಳಲು ನಾನು ಹಿತ್ತಲಿಗೆ ಹೋದೆ. ಒಳಗೆ ಬರುವಷ್ಟರಲ್ಲಿ ಬಟ್ಟಲು ಬರಿದಾಗಿತ್ತು. ಬಳ್ಳೊಳ್ಳಿ ಹಾಕಿಲ್ಲ ಹೌದಲ್ಲ, ಎಂದು ನೀನು ಕೇಳಿದೆ. ಹಾಕಿಲ್ಲವ್ವ, ಎಂದೆ ನಾನು. ಅದೊಂದು ನಿಜ. ಗೊಜ್ಜು ಭಾಳ ಛಲೋ ಆಗೇತಿ, ನಿನ್ನ ಕೈ ಪಳಗೇತಿ ನೋಡ, ಎಂದು ನೀನು ನಕ್ಕೆ.

ಆಮೇಲೆ ನೀನು ಬಂದ ಕಾರಣ ಹೇಳಿದೆ. ಬರೋ ಐತವಾರ ಮುನಿ ಮಹಾರಾಜರು ಊರಿಗೆ ಬರಾಕತ್ತಾರ, ನಮ್ಮ ಮನಿಯಾಗೂ ಆಹಾರಕ್ಕ ತಯಾರಿ ಮಾಡಾಕತ್ತೇವಿ, ನೀನೂ ಬಾ, ಅಳಿಯನ್ನೂ ಕರ್ಕೊಂಡ ಬಾ, ಎಂದೆ. ನನ್ನ ಮದುವೆಯಾದ ಮೂರು ವರ್ಷದಲ್ಲಿ ಮೊದಲ ಕರೆ. ನನಗೆ ಅಳು ಬಂತು. ಸಂತೋಷಕ್ಕೆ ಅಳುತ್ತಿದ್ದೇನೆ ಎಂದುಕೊಂಡು ನೀನು ಬೆನ್ನು ಸವರಿದೆ.

ಅಂದಿನಿಂದ ತುತ್ತು ಇಳಿಯುತ್ತಿಲ್ಲ ಅವ್ವ. ಮುನಿಗಳ ಅಂಗೈಗೆ ಆಹಾರ ಇಡುವ ಮೊದಲು ಮನಶುದ್ಧಿ, ವಚನಶುದ್ಧಿ, ಕಾಯಶುದ್ಧಿ ಎಂದು ನೀನು ಬಾಯಿಬಿಟ್ಟು ಹೇಳಬೇಕು. ಅರವತ್ತು ವರ್ಷ ಗಡ್ಡೆ ಗೆಣಸನ್ನೂ ಮುಟ್ಟದವಳು ನೀನು. ನನ್ನ ದೆಸೆಯಿಂದ, ನಿನಗೇ ಗೊತ್ತಿಲ್ಲದೆ, ಅವರ ಎದುರು ಸುಳ್ಳು ಹೇಳುತ್ತೀ. ಅದೊಂದು ಆಗಬಾರದು. ಪ್ರಾಯಶ್ಚಿತ್ತ ಏನೆಂದು ಮಹಾರಾಜರನ್ನೇ ಕೇಳು. ತಪ್ಪು ಮಗಳದು ಎಂದು ಹೇಳು, ಹೆಸರು ಹಿಡಿದೇ ಹೇಳು.

ನಾಳೆ ಉದಗಾಂವಕ್ಕೆ ಹೊರಟಿರುವ ಬಾಹುಬಲಿ ಮಾಮಾನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಭಾನುವಾರ ನಾನು ಬರಬೇಕೋ ಬೇಡವೋ ನೀನೇ ತಿಳಿಸು. ಅಣ್ಣನಿಂದ ಹೇಳಿಸಬೇಡ.

ನಿನ್ನ ಮಗಳು,
ಋತುಜಾ

ತಾ. ಕ.: ಒಳಗೆ ಬರುವಷ್ಟರಲ್ಲಿ ಬಟ್ಟಲು ಬರಿದಾಗಿತ್ತು ಎಂದು ಬರೆದೆನಲ್ಲ, ಹಾಗಲ್ಲ ಅವ್ವ. ನೀನು ಮೊದಲ ತುತ್ತು ಅದ್ದುವಾಗಲೇ ನಾನು ಹಿತ್ತಲ ಬಾಗಿಲಲ್ಲಿದ್ದೆ. ಬ್ಯಾಡವ್ವ ಎಂದು ಒಂದು ಮಾತು ಅಂದಿದ್ದರೆ ಸಾಕಿತ್ತು. ಮದುವೆಯಾದ ಮೇಲೆ ನನ್ನ ಮನೆಯಲ್ಲಿ ನೀನು ಗುಟುಕು ನೀರೂ ಕುಡಿದಿರಲಿಲ್ಲ. ಅಂದು ನನ್ನ ಕೈಯಡುಗೆ ಉಣ್ಣುತ್ತಿದ್ದೆ. ನಾನು ಸುಮ್ಮನೆ ನಿಂತು ನೋಡಿದೆ, ಬಟ್ಟಲು ಮುಗಿಯುವವರೆಗೂ.