ತೊಳೆಯಬಾರದ ಬಟ್ಟೆ

ಮಾರ್ಚ್ 5, ಬುಧವಾರ

ಬೆಳಿಗ್ಗೆಯಿಂದ ಹೋಟೆಲಿನ ಚಾದರಗಳ ರಾಶಿ. ದೊಡ್ಡ ಮಷೀನ್ ಮತ್ತೆ ಸೋರುತ್ತಿದೆ. ಅದರ ಮಧ್ಯೆ ಮಕ್ಕಳ ಮನೆಯ ನರ್ಸಮ್ಮನ ಫೋನ್. ನಮ್ಮ ದತ್ತು ಫೈಲ್ ಮುಂದಿನ ಟೇಬಲ್ಲಿಗೆ ಹೋಗಿದೆಯಂತೆ. ಮಗು ಮನೆಗೆ ಬರಲು ಇನ್ನೂ ಕೆಲವು ತಿಂಗಳು. ಊರು ದೂರ, ಪದೇ ಪದೇ ಹೋಗಿ ನೋಡುವ ಹಾಗಿಲ್ಲ. ಅದಕ್ಕೊಂದು ಉಪಾಯ ಹೇಳಿದರು. ಮೆತ್ತನೆಯ ಹೊದಿಕೆ ಒಂದನ್ನು ಎರಡು ತುಂಡು ಮಾಡಿ, ನೀವಿಬ್ಬರೂ ಹೊದ್ದು ಮಲಗಿ. ಬುಧವಾರಗಳಂದು ನಮ್ಮ ವ್ಯಾನ್ ನಿಮ್ಮ ಊರಿನ ಆಸ್ಪತ್ರೆಗೆ ಬರುತ್ತದೆ. ಒಂದು ತುಂಡು ಮಗುವಿನ ಹತ್ತಿರ, ಒಂದು ನಿಮ್ಮ ಹತ್ತಿರ, ಅದಲು ಬದಲು ಮಾಡುತ್ತಿರೋಣ. ನಿಮ್ಮ ವಾಸನೆ ಅದಕ್ಕೆ ರೂಢಿಯಾಗಲಿ.

ಕೊನೆಗೆ, "ದಯವಿಟ್ಟು ತೊಳೀಬೇಡಿ ಮತ್ತೆ" ಎಂದರು.

ಲಾಂಡ್ರಿ ನಡೆಸುವ ನಮಗೆ ಹೇಳುವ ಮಾತೇ ಇದು? ಇಸ್ತ್ರಿ ಹಾಕುತ್ತಿದ್ದ ನಮ್ಮ ಯಜಮಾನರು ನಕ್ಕ ನಗುವಿಗೆ ಯಾರದೋ ಪ್ಯಾಂಟ್ ಸುಟ್ಟು ಹೋಗುವುದರಲ್ಲಿತ್ತು.

ಮಾರ್ಚ್ 6

ಹಳದಿ ಫ್ಲಾನೆಲ್. ನಾನೇ ಕತ್ತರಿಸಿ ಅಂಚು ಹೊಲಿದೆ. ನನ್ನದು ಎಂಥ ವಾಸನೆ ಎಂದು ಇವರನ್ನು ಕೇಳಿದೆ. ಸೋಪು, ಬೆವರು, ಸ್ವಲ್ಪ ಸಿಡುಕು ಎಂದರು.

ಮಕ್ಕಳಾಗಲೆಂದು ಆಸ್ಪತ್ರೆ ಮೆಟ್ಟಿಲು ಹತ್ತಿ ಇಳಿದು ನಾನು ಕೈಚೆಲ್ಲಿ ಕೂತಾಗ ದತ್ತು ಮಾತು ತೆಗೆದವರು ಇವರೇ. ಮಗುವನ್ನು ನೋಡಿದ್ದು ಒಂದೇ ಸಲ. ಒಂದೂವರೆ ವರ್ಷದ ಹೆಣ್ಣು, ತಾಯಿ ತೀರಿಕೊಂಡಿದ್ದಾಳೆ. ನಮ್ಮನ್ನು ಮೇಲಿಂದ ಕೆಳಗೆ ನೋಡಿ ಮುಖ ತಿರುಗಿಸಿತು. ಅವತ್ತಿನಿಂದ ಇವರ ಬಾಯಲ್ಲಿ ಅದು ದೊರೆಸಾನಿ.

ಮಾರ್ಚ್ 26, ಬುಧವಾರ

ಮಗು ಹೊದ್ದ ತುಂಡು ವಾಪಸ್ ಬಂತು. ಹಾಲು, ಪೌಡರ್, ಜೊತೆಗೆ ಉಚ್ಚೆ. ಇವರು ಅದರಲ್ಲಿ ಮೂಗಿಟ್ಟು ಬಟ್ಟೆ ಗಂಟಿನ ಮೇಲೆ ಕೂತುಬಿಟ್ಟರು. ಗಿರಾಕಿ ಕೌಂಟರ್ ಕುಟ್ಟುತ್ತಿದ್ದಾನೆ, ಕೇಳಿಸಿದರೆ ತಾನೆ.

ಏಪ್ರಿಲ್ 9, ಬುಧವಾರ

ದೊರೆಸಾನಿಗೆ ಆ ತುಂಡು ಮುಖದ ಮೇಲೆ ಇಲ್ಲದಿದ್ದರೆ ನಿದ್ದೆಯೇ ಇಲ್ಲವಂತೆ!

ಹಿಂದಿನ ಕೋಣೆಯ ಸ್ಟೀಮ್ ಪೈಪಿಗೆ ಇವರು ಹಲಗೆ ಹೊಡೆದರು, ಮಗು ಮುಟ್ಟದ ಹಾಗೆ. ಇವರ ಅಮ್ಮ ಬಂದಿದ್ದಾರೆ. ಯಾರ ಮಗುವೋ ಏನೋ ಎಂದು ಮೊದಲು ಮೂಗು ಮುರಿದವರು. ಕಲೆ ಕಂಡು ಹೊದಿಕೆಯನ್ನು ನೆನೆಹಾಕಲು ಹೊರಟಿದ್ದರು, ಕಿತ್ತುಕೊಂಡೆ. ಮುನಿಸಿಕೊಂಡರು. ಸಂಜೆ ನೋಡಿದರೆ ಅದನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಾರೆ. "ಅಜ್ಜಿ ವಾಸನೇನೂ ಸ್ವಲ್ಪ ಇರ್ಲಿ" ಎಂದರು.

ಏಪ್ರಿಲ್ 24, ಗುರುವಾರ, ಮಧ್ಯಾಹ್ನ

ದತ್ತು ಆಫೀಸಿನಿಂದ ಫೋನ್. ಮಗುವಿನ ಚಿಕ್ಕಮ್ಮ ಸಿಕ್ಕಿದ್ದಾಳೆ. ಬೇರೆ ದೇಶದಲ್ಲಿ ಕೆಲಸಕ್ಕಿದ್ದಳಂತೆ, ಅಕ್ಕ ಸತ್ತದ್ದು ಈಗ ಗೊತ್ತಾಯಿತಂತೆ. ಮಗುವನ್ನು ತಾನೇ ಸಾಕುತ್ತಾಳಂತೆ. ರಕ್ತಸಂಬಂಧಿಗೇ ಮೊದಲ ಹಕ್ಕು. ನಮ್ಮ ಫೈಲ್ ನಿಂತಿತು.

ಯಾರ ತಪ್ಪೂ ಇಲ್ಲ ಎಂದರು ಆಫೀಸರ್. ಹಾಗಾದರೆ ನಾನು ಯಾರನ್ನು ಬೈಯಲಿ...

ಮೇ 9, ಶುಕ್ರವಾರ

ಬರೆಯಲು ಆಗಲಿಲ್ಲ. ನಮ್ಮ ಬಳಿ ಉಳಿದ ತುಂಡನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ ಬೀರುವಿನಲ್ಲಿಟ್ಟಿದ್ದೇನೆ. ವಾಸನೆ ಹೋಗದಿರಲಿ ಅಂತ.

ಇವತ್ತು ನರ್ಸಮ್ಮ ಫೋನ್ ಮಾಡಿದ್ದರು. ಚಿಕ್ಕಮ್ಮ ದಿನಾ ಬರುತ್ತಾಳೆ, ಮಗು ಹತ್ತಿರ ಹೋಗುವುದಿಲ್ಲ. ನಮ್ಮ ಹೊದಿಕೆ ಮುಖಕ್ಕೆಳೆದುಕೊಂಡು ಗೋಡೆ ಕಡೆ ತಿರುಗಿ ಮಲಗುತ್ತದೆ. ಒಂದು ದಿನ ಅದನ್ನು ಬಚ್ಚಿಟ್ಟರೆ ಅತ್ತು ಅತ್ತು ವಾಂತಿ ಮಾಡಿಕೊಂಡಿತಂತೆ.

"ನೀವು ಬಟ್ಟೆ ಕೆಲಸದವ್ರು. ಆ ವಾಸನೆ ಸ್ವಲ್ಪ ಸ್ವಲ್ಪವಾಗಿ ಹೋಗೋ ಹಾಗೆ ಏನಾದ್ರೂ ಮಾಡೋಕಾಗುತ್ತಾ?"

ಫೋನ್ ಇಟ್ಟೆ. ಮಗು ಅವಳ ಹತ್ತಿರ ಹೋಗಲಿಲ್ಲವೆಂದು ಕೇಳಿ ಸಂತೋಷವಾಯಿತು. ಹೌದು, ಸಂತೋಷವೇ. ಇಲ್ಲಿ ಯಾರು ಓದುತ್ತಾರೆ. ಅಳಲಿ, ಆ ಚಿಕ್ಕಮ್ಮನೂ ಅಳಲಿ ಎಂದು ಇವರ ಮುಂದೆ ಕೂಗಾಡಿದೆ. ಇವರು ಇಸ್ತ್ರಿಯಾದ ಅಂಗಿಗೇ ಮತ್ತೆ ಇಸ್ತ್ರಿ ಹಾಕುತ್ತಿದ್ದರು.

"ಮಗು ನಿದ್ದೆ ಮಾಡ್ತಿಲ್ಲ ಕಣೇ" ಎಂದರು. ಅಷ್ಟೇ.

ಮೇ 10

ನರ್ಸಮ್ಮನಿಗೆ ನಾನೇ ಫೋನ್ ಮಾಡಿದೆ. ಮೊದಲು ತಣ್ಣೀರು ಮಾತ್ರ, ಸೋಪು ಬೇಡ, ನೆರಳಲ್ಲಿ ಒಣಗಬೇಕು. ಆಮೇಲೆ ಚಿಕ್ಕಮ್ಮ ಹೊದ್ದು ಮಲಗಲಿ, ಆಮೇಲೆ ಮಗುವಿಗೆ. ಮುಂದಿನ ಸಲ ಬಿಸಿನೀರು. ಕೊನೆಗೆ ಸೋಪು. ಎರಡು ತುಂಡನ್ನೂ ಸರದಿಯಲ್ಲಿ ನನಗೇ ಕಳಿಸಿ ಎಂದೆ. ಅಲ್ಲಿಯವರು ಎಲ್ಲದರ ಜೊತೆ ಮಷೀನಿಗೆ ತುರುಕಿಬಿಡುತ್ತಾರೆ.

ಮೇ 13, ಮಂಗಳವಾರ

ಬೀರುವಿನಲ್ಲಿದ್ದ ತುಂಡನ್ನು ತೆಗೆದು ತೊಳೆದೆ. ಸಣ್ಣ ಬಕೆಟ್‌ನಲ್ಲಿ, ಕೈಯಲ್ಲೇ. ಇವರು ಸಹಾಯಕ್ಕೆ ಬಂದರು, ಬೇಡವೆಂದೆ. ನೀರು ಮಂಕಾಯಿತು. ಚೆಲ್ಲಲು ಮನಸ್ಸಾಗಲಿಲ್ಲ. ಎಷ್ಟು ಹೊತ್ತೆಂದು ಬಕೆಟ್ ಮುಂದೆ ಕೂರುವುದು. ಚೆಲ್ಲಿದೆ.

ಮೇ 28, ಬುಧವಾರ

ಬಂದ ತುಂಡಿನಲ್ಲಿ ಬೇರೆ ಹೆಂಗಸಿನ ವಾಸನೆ. ಯಾವುದೋ ಕ್ರೀಮು. ಒಳ್ಳೆಯ ವಾಸನೆಯೇ, ಅದಕ್ಕೇ ಹೊಟ್ಟೆ ಉರಿಯಿತು. ಮಗು ಅವಳ ಮಡಿಲಲ್ಲಿ ಸ್ವಲ್ಪ ಹೊತ್ತು ಕೂತಿತಂತೆ. ಅವಳು ಅಲುಗಾಡದೆ ಕೂತಿದ್ದಳಂತೆ, ಕಾಲು ಜೋಮು ಹಿಡಿದರೂ. ನಾನಾಗಿದ್ದರೂ ಹಾಗೇ ಕೂರುತ್ತಿದ್ದೆ.

ಬಿಸಿನೀರಿಗೆ ಹಾಕಿದೆ.

ಜೂನ್ 10, ಮಂಗಳವಾರ, ಸಂಜೆ

ಕೊನೆಯ ಸಲ. ಸೋಪು ಹಾಕಿದೆ. ನಾಳೆ ವ್ಯಾನಿಗೆ ಕೊಟ್ಟರೆ ಮುಗಿಯಿತು. ಚಿಕ್ಕಮ್ಮ ಮಗುವನ್ನು ಈ ವಾರ ಕರೆದುಕೊಂಡು ಹೋಗುತ್ತಾಳೆ.

ಒಣಗಿದ ಮೇಲೆ ಮೂಸಿ ನೋಡಿದೆ. ಬರೀ ಸೋಪು. ಅತ್ತೆಗೆ ಕೊಟ್ಟೆ. ಮೂಸಿ, ಇಲ್ಲವೆಂದು ತಲೆಯಾಡಿಸಿ, ವಾಪಸ್ ಕೊಟ್ಟರು. ಇವರಿಗೆ ಕೊಟ್ಟೆ. ಮುಖಕ್ಕೆ ಹಾಕಿಕೊಂಡವರು ತೆಗೆಯಲೇ ಇಲ್ಲ.

"ಇನ್ನೂ ಸ್ವಲ್ಪ ಇದೆ" ಎಂದರು.

ಇಲ್ಲ, ಪೂರ್ತಿ ಹೋಗಿದೆ, ನನ್ನ ಕೆಲಸ ನನಗೆ ಗೊತ್ತಿಲ್ಲವೇ ಎಂದೆ.

"ಇದೆ ಕಣೇ. ಈ ಮೂಲೇಲಿ ನೋಡು."

ನೋಡಿದೆ. ಏನೂ ಇಲ್ಲ. ಮೂಲೆ ಒದ್ದೆಯಾಗಿತ್ತು, ಅಷ್ಟೇ. ಇವರು ಅತ್ತದ್ದು. ಹಾಗೇ ಮಡಿಸಿಟ್ಟರೆ ಮುಗ್ಗಲು ಹಿಡಿಯುತ್ತದೆ, ಇನ್ನೊಂದು ಸಲ ಜಾಲಾಡಿಸಿ ಹಾಕಬೇಕು. ಇವರು ಕೊಡುತ್ತಿಲ್ಲ. ಅಲ್ಲೇ ಹೊದ್ದು ಕೂತಿದ್ದಾರೆ. ಹೋಗಿ ಬಿಡಿಸಿಕೊಳ್ಳಬೇಕು... ನಾನೂ ಒಂದು ಸಲ, ಒಂದೇ ಒಂದು ಸಲ ಅದರೊಳಗೆ ಮುಖವಿಟ್ಟು—